ಕಡಸು ಕಾಯುತ್ತಾ ಓದಿದ ಪುಸ್ತಕ

ಕರುವಿನ ಕಾಲು ಹಿಂದುಮುಂದಾಗಿ ಬರಬಹುದಿತ್ತು. ತಲೆ ಒಳಗೇ ಮಡಚಿಕೊಂಡು ಒಂದೇ ಒಂದು ಗೊರಸು ಹೊರಗೆ ಇಣುಕಿ ಅಲ್ಲೇ ನಿಂತುಬಿಡಬಹುದಿತ್ತು. ಚೊಚ್ಚಲು ಕಡಸು, ನೋವಿಗೆ ಬೆದರಿ ಹಗ್ಗ ಕಿತ್ತುಕೊಂಡು ಬಂಗಾರಪೇಟೆ ರಸ್ತೆಗೆ ಓಡಬಹುದಿತ್ತು. ಎದುರಿಗೆ ಬಸ್ಸು ಬರಬಹುದಿತ್ತು. ಪಶು ಡಾಕ್ಟರಿಗೆ ಫೋನು ಮಾಡಿದರೆ ಅವರು ಇನ್ಯಾವುದೋ ಊರಿನಲ್ಲಿ ಇನ್ಯಾವುದೋ ಹಸುವಿನ ಹಿಂದೆ ನಿಂತಿರಬಹುದಿತ್ತು. ನನ್ನ ಫೋನಿನ ಚಾರ್ಜು ಮುಗಿಯಬಹುದಿತ್ತು, ಆಗಲೇ ಕರೆಂಟೂ ಹೋಗಬಹುದಿತ್ತು. ಕರು ಬಿದ್ದರೂ ಉಸಿರಾಡದೇ ಇರಬಹುದಿತ್ತು. ಮೂಗಿಗೆ ಹುಲ್ಲುಕಡ್ಡಿ ಹಾಕಿ ಸೀನಿಸಬೇಕು ಎಂದು ಗೊತ್ತಿದ್ದೂ, ಸುತ್ತ ಬಣವೆಯೇ ಇದ್ದೂ, ನನಗೆ ಆ ಹೊತ್ತಿಗೆ ಒಂದು ಕಡ್ಡಿ ಸಿಗದಿರಬಹುದಿತ್ತು. ಕಡಸು ತನ್ನ ಕರುವನ್ನೇ ಒದೆಯಬಹುದಿತ್ತು. ನಾಯಿಗಳು ನುಗ್ಗಬಹುದಿತ್ತು. ನಾನು ರಕ್ತ ನೋಡಿ ತಲೆ ಸುತ್ತಿ ಸಗಣಿಯ ಮೇಲೆ ಬಿದ್ದು, ಸಂಜೆ ಬಂದವರು ಕರು ನೋಡುವ ಮೊದಲು ನನ್ನನ್ನು ಎಬ್ಬಿಸಬೇಕಾಗಬಹುದಿತ್ತು.

ಇಷ್ಟನ್ನೂ ಬೆಳಗ್ಗೆ ಏಳೂವರೆಗೆ, ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ, ಯೋಚಿಸಿ ಮುಗಿಸಿದ್ದೆ. ಚಿಂತೆ ಮಾಡುವುದರಲ್ಲಿ ನನ್ನದು ಪಳಗಿದ ಕೈ. ಬೇರೆಯವರು ಒಂದು ವಾರ ಕೂತು ಮಾಡುವ ಚಿಂತೆಯನ್ನು ನಾನು ಒಲೆಯ ಮೇಲೆ ಹಾಲಿಟ್ಟು ಅದು ಉಕ್ಕುವುದರೊಳಗೆ ಮಾಡಿ ಮುಗಿಸುತ್ತೇನೆ. ಹಾಲು ಮಾತ್ರ ಉಕ್ಕಿರುತ್ತದೆ.

ಆದರೆ ಪಟ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡದು ಬೇರೆಯೇ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮ್ಮ ಮನೆಯಲ್ಲಿ ನನಗಿರಲಿಲ್ಲ. ಕಡಸು ಮಾಸು ತಿನ್ನಬಹುದಿತ್ತು.

ಹಸು ಸಾಕದವರಿಗೆ ಹೇಳಬೇಕು. ಕರು ಹಾಕಿದ ಮೇಲೆ ಒಂದೆರಡು ಗಂಟೆಗೋ ನಾಲ್ಕು ಗಂಟೆಗೋ ಹಸುವಿನ ಮಾಸು ಬೀಳುತ್ತದೆ. ಕರು ಹೊಟ್ಟೆಯಲ್ಲಿದ್ದಾಗ ಅದನ್ನು ಸುತ್ತಿಕೊಂಡಿದ್ದ ಚೀಲ ಅದು. ಬಿದ್ದ ತಕ್ಷಣ ಹಸು ತಿರುಗಿ ಅದನ್ನು ತಿಂದುಬಿಡಲು ನೋಡುತ್ತದೆ. ತಿಂದರೆ ಹಾಲು ಕಟ್ಟಿಹೋಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಬೀಳುವವರೆಗೂ ಮನೆಯವರೊಬ್ಬರು ಅಲ್ಲೇ ಕೂತು ಕಾಯಬೇಕು, ಬಿದ್ದ ಕೂಡಲೇ ಎತ್ತಿ, ಹುಲ್ಲಿನಲ್ಲಿ ಸುತ್ತಿ, ಗೋಣಿಚೀಲದಲ್ಲಿ ಕಟ್ಟಿ, ಆಲದ ಮರದ ಕೊಂಬೆಗೆ ನೇತುಹಾಕಿ ಬರಬೇಕು. ಆಲ ಹಾಲಿನ ಮರವಲ್ಲವೇ, ಹಸುವಿಗೂ ಹಾಲು ಅದರಂತೆಯೇ ಸುರಿಯಲಿ ಅಂತ. ಕಾಯುವವರಿಗೆ ವಿದ್ಯೆ ಬೇಕಿಲ್ಲ, ಶಕ್ತಿ ಬೇಕಿಲ್ಲ. ಕಣ್ಣು ಆ ಕಡೆ ಇದ್ದರೆ ಸಾಕು.

ಒಂಬತ್ತು ವರ್ಷದ ಹಿಂದೆ ನನ್ನ ಕಣ್ಣು ಆ ಕಡೆ ಇರಲಿಲ್ಲ. ಪುಸ್ತಕದ ಕಡೆ ಇತ್ತು. ಆಗಿದ್ದ ಕಪ್ಪು ಹಸು ಕರು ಹಾಕಿತ್ತು, ಅತ್ತೆ ಸ್ನಾನಕ್ಕೆ ಹೋಗಿದ್ದರು, ನನ್ನನ್ನು ಕೂರಿಸಿದ್ದರು. ಎರಡೇ ಪುಟ ಅಂದುಕೊಂಡೆ. ಎರಡು ಪುಟ ಮುಗಿಸಿ ತಲೆ ಎತ್ತಿದಾಗ ಹಸು ನಾಲಿಗೆಯಿಂದ ಮೂತಿ ಒರೆಸಿಕೊಳ್ಳುತ್ತಿತ್ತು. ಕೆಳಗೆ ಏನೂ ಇರಲಿಲ್ಲ. ಆ ಸೂಲಿನಲ್ಲಿ ಹಾಲು ಕಡಿಮೆಯಾಯಿತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ ಎಂದು ಡಾಕ್ಟರು ಹೇಳಿದರು. ಅವರು ಹೇಳಿದ್ದು ನನಗೆ, ನಮ್ಮ ಅತ್ತೆಗಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಕಾಲವನ್ನು ಎರಡಾಗಿ ಭಾಗ ಮಾಡಲಾಗಿದೆ. ಬೋರ್‌ವೆಲ್ ಯಾವಾಗ ಕೊರೆಸಿದ್ದು ಎಂದರೆ, ಮಾಸು ತಿಂದ ವರ್ಷಕ್ಕೆ ಮುಂಚೆ. ನನ್ನ ಮೈದುನನ ಮದುವೆ ಯಾವಾಗ ಎಂದರೆ, ಮಾಸು ತಿಂದ ಮಾರನೇ ವರ್ಷ. ಹೊಸದಾಗಿ ಬಂದ ನೆಂಟರು ತಿಂದವಳು ನಾನೇ ಎಂದು ತಿಳಿದುಕೊಂಡರೂ ಆಶ್ಚರ್ಯವಿಲ್ಲ.

ಈ ಓದಿನ ರೋಗ ನನಗೆ ಅಂಟಿದ್ದು ಆಂಡರ್ಸನ್‌ಪೇಟೆಯಲ್ಲಿ. ಅಲ್ಲಿ ನಮ್ಮಪ್ಪನದೊಂದು ಪೆಟ್ಟಿಗೆ ಅಂಗಡಿ ಇತ್ತು. ಕಡಲೆಕಾಯಿ, ಬೆಲ್ಲ, ಸಾಂಬಾರು ಸಾಮಾನು ಕಟ್ಟಿಕೊಡಲು ಹಳೆಯ ಕಾಗದ ತೂಕಕ್ಕೆ ತರುತ್ತಿದ್ದರು. ಕನ್ನಡ, ತಮಿಳು, ತೆಲುಗು, ಇಂಗ್ಲಿಷು, ಎಲ್ಲಾ ಒಂದೇ ಕಟ್ಟಿನಲ್ಲಿ. ವಾರಪತ್ರಿಕೆಯ ಧಾರಾವಾಹಿಯ ಹಾಳೆಯನ್ನು ಅಪ್ಪ ನಾಲ್ಕು ಚೂರು ಮಾಡಿ ಪೊಟ್ಟಣ ಸುತ್ತುತ್ತಿದ್ದರು. ನಾನು ಪೊಟ್ಟಣ ಕಟ್ಟುವ ನೆಪದಲ್ಲಿ ಓದುತ್ತಿದ್ದೆ. ನಾಯಕಿ ಬಾವಿಯ ಕಟ್ಟೆಯ ಮೇಲೆ ಕಾಲಿಟ್ಟಳು ಅನ್ನುವಲ್ಲಿಗೆ ಕತ್ತರಿಯ ಗೆರೆ. ಉಳಿದದ್ದು ಕಾಲು ಕೆಜಿ ಬೆಲ್ಲದ ಜೊತೆ ಯಾರದೋ ಮನೆಗೆ ಹೋಗಿಬಿಟ್ಟಿರುತ್ತಿತ್ತು. ಅವಳು ಹಾರಿದಳೋ ನೀರು ಸೇದಿಕೊಂಡು ಹೋದಳೋ ಎಂದು ನಾನು ರಾತ್ರಿ ಊಟ ಬಿಟ್ಟು ಯೋಚಿಸುತ್ತಿದ್ದೆ. ನನ್ನ ಚಿಂತೆಗೆ ಮೂಲ ಅಲ್ಲೇ ಇರಬೇಕು. ಹತ್ತನೇ ವಯಸ್ಸಿನವರೆಗೆ ಕತೆಗಳಿಗೆ ಕೊನೆ ಅಂತ ಒಂದು ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಮೊದಲ ಸಲ ಒಂದು ಇಡೀ ಪುಸ್ತಕ ಕೈಗೆ ಸಿಕ್ಕಿ, ಓದಿ, ಕೊನೆಯ ಪುಟದಲ್ಲಿ ಎಲ್ಲಾ ಸರಿಹೋದಾಗ, ಇದೇನು ಇಷ್ಟು ಸುಲಭ ಅನ್ನಿಸಿ ಸ್ವಲ್ಪ ಬೇಜಾರೇ ಆಯಿತು.

ಮದುವೆಯಾಗಿ ಬಂದದ್ದು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯ ಒಂದು ಹಳ್ಳಿಗೆ. ರಾಗಿ, ಟೊಮೇಟೊ, ಎರಡು ಮೂರು ಹಸು. ಸೊಸೆ ಓದುತ್ತಾಳೆ ಅಂದರೆ ಕೆಲಸ ಕದಿಯುತ್ತಾಳೆ ಅಂತ ಅರ್ಥ ಎಂದು ನನ್ನಮ್ಮ ಹೇಳಿಯೇ ಕಳಿಸಿದ್ದಳು. ಅದಕ್ಕೆ ಪುಸ್ತಕಗಳನ್ನು ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾಗಿಯೊಳಗೆ ಮೊಳಕೈವರೆಗೂ ಇಳಿಸಿದರೆ ಮೇಲೆ ಏನೂ ಕಾಣದು. ರಾಗಿಗೆ ಹಾಕಿದ ಬೇವಿನ ಸೊಪ್ಪಿನಿಂದ ಹುಳವೂ ಬರದು. ಗ್ರಂಥಾಲಯದವರು ಸಹ ಪುಸ್ತಕವನ್ನು ಇಷ್ಟು ಚೆನ್ನಾಗಿ ಇಡುವುದಿಲ್ಲ. ಮೂರು ವರ್ಷ ಯಾರಿಗೂ ಗೊತ್ತಿಲ್ಲ ಅಂದುಕೊಂಡು, ಗೊತ್ತಾದರೆ ಏನು ಗತಿ ಎಂದು ದಿನಾ ಹೆದರಿಕೊಂಡು, ಬದುಕಿದೆ. ಒಂದು ದಿನ ನಾನು ಹೊಲದಿಂದ ಬರುವಾಗ ಅತ್ತೆ ಅಂಗಳ ಗುಡಿಸುತ್ತಾ, ತಲೆ ಕೂಡ ಎತ್ತದೆ ಹೇಳಿದರು.

"ಆ ಕೆಂಪ್ ರಟ್ಟಿಂದು ತಂಡಿ ಇಡ್ದಿತ್ತು. ಬಿಸ್ಲಿಗಾಕಿದೀನಿ. ಸಂಜೆ ತಗಂಡೋಗ್ ಒಳಗಿಕ್ಕಮ್ಮ."

ದಿನಾ ಡ್ರಮ್ಮಿನಿಂದ ರಾಗಿ ಮೊಗೆಯುವವರು ಅವರು. ಅವರಿಗೆ ಗೊತ್ತಾಗುವುದಿಲ್ಲ ಎಂದು ನಂಬಿದ್ದ ನನ್ನ ಬುದ್ಧಿಯ ಬಗ್ಗೆ ಇನ್ನೇನು ಹೇಳಲಿ. ಅತ್ತೆಗೆ ಅಕ್ಷರ ಬರುವುದಿಲ್ಲ. ಬಸ್ಸಿನ ಬೋರ್ಡನ್ನು ಬಣ್ಣ ನೋಡಿ ಹೇಳುತ್ತಾರೆ. ಆದರೆ ಮನೆಯಲ್ಲಿ ಯಾರು ಏನು ಬಚ್ಚಿಟ್ಟಿದ್ದಾರೆ ಎಂದು ಓದುವುದಕ್ಕೆ ಅಕ್ಷರ ಬೇಕಿಲ್ಲ.

ಆಮೇಲೆ ಬಚ್ಚಿಡುವ ಕಷ್ಟ ತಪ್ಪಿತು, ಹೊತ್ತು ಹೊಂದಿಸುವ ಕಷ್ಟ ಉಳಿಯಿತು. ರಾಬರ್ಟ್‌ಸನ್‌ಪೇಟೆಯ ಒಂದು ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ ಸಿಕ್ಕ ಮೇಲೆ ದಿನಾ ಹೋಗಿ ಬರುವ ಬಸ್ಸು ನನ್ನ ಓದುವ ಕೋಣೆಯಾಯಿತು. ಬೆಳಗ್ಗೆ ಡೈರಿಯ ಮುಂದೆ ಹಾಲಿನ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ನಾಲ್ಕು ಪುಟ. ರಾಗಿ ಮಿಲ್ಲಿನಲ್ಲಿ ಹಿಟ್ಟಾಗುವವರೆಗೆ ಆರು ಪುಟ, ಆದರೆ ಮನೆಗೆ ಬಂದು ಪುಸ್ತಕ ಕೊಡವಬೇಕು. ಮುದ್ದೆ ತಿರುವುವಾಗ ಮಾತ್ರ ಓದಬಾರದು. ಪ್ರಯತ್ನಪಟ್ಟಿದ್ದೇನೆ, ಆ ದಿನ ಮುದ್ದೆಯಲ್ಲಿ ಗಂಟು ಸಿಕ್ಕಿದಷ್ಟೂ ಸಲ ನಮ್ಮನೆಯವರು ನನ್ನ ಮುಖ ನೋಡಿದರು. ಪುಟಕ್ಕೆ ಗುರುತಾಗಿ ಬಸ್ಸಿನ ಟಿಕೇಟು, ಅದು ಸಿಗದಿದ್ದರೆ ರಾಗಿ ಹುಲ್ಲಿನ ಕಡ್ಡಿ. ಗ್ರಂಥಾಲಯದಲ್ಲಿ ಪುಸ್ತಕ ವಾಪಸು ತೆಗೆದುಕೊಳ್ಳುವವರು ಮೊದಲು ಅದನ್ನು ತಲೆಕೆಳಗಾಗಿ ಹಿಡಿದು ಒದರುತ್ತಾರೆ. ಹುಲ್ಲು ಉದುರಿದರೆ, ನಮ್ಮ ಹಸುಗೆ ಹಾಕ್ತೀನಿ ಬಿಡಮ್ಮ ಎಂದು ನಗುತ್ತಾರೆ.

ಬಸ್ಸಿನಲ್ಲಿ ಒಂದೇ ಅಪಾಯ. ಒಂದು ಸಲ ಪೇಟೆಯ ಸ್ಟಾಪು ದಾಟಿದ್ದೇ ತಿಳಿಯದೆ ಆಂಡರ್ಸನ್‌ಪೇಟೆವರೆಗೂ ಹೋಗಿಬಿಟ್ಟೆ. ಇಳಿದು ವಾಪಸು ಬಸ್ಸಿಗೆ ನಿಂತಿದ್ದಾಗ ಸೊಪ್ಪು ಕೊಳ್ಳಲು ಬಂದ ನನ್ನಮ್ಮನೇ ಎದುರಾಗಬೇಕೆ. ಮಗಳು ಹೇಳದೆ ಕೇಳದೆ ನೋಡಲು ಬಂದಳು ಎಂದು ಅವಳಿಗೆ ಆದ ಸಂತೋಷ ನೋಡಿ, ನಾನು ಸ್ಟಾಪು ತಪ್ಪಿಸಿಕೊಂಡು ಬಂದೆ ಎಂದು ಹೇಳಲು ಬಾಯಿ ಬರಲಿಲ್ಲ. ಅಂಗಡಿಗೆ ಜ್ವರ ಅಂತ ಫೋನು ಮಾಡಿ, ಮಧ್ಯಾಹ್ನ ಬೇಯಿಸಿದ ಮೊಟ್ಟೆಯ ಸಾರು ತಿಂದು, ಸಂಜೆ ಮನೆಗೆ ಬಂದೆ. ಅಮ್ಮ ತೀರಿಕೊಳ್ಳುವವರೆಗೂ ಆ ದಿನದ ಮಾತು ಆಡುತ್ತಿದ್ದಳು. ನನಗೆ ಆ ಪುಸ್ತಕದ ಒಂದು ಸಾಲೂ ಈಗ ನೆನಪಿಲ್ಲ. ಈಚೆಗೆ ಕಂಡಕ್ಟರುಗಳೇ ಎಚ್ಚರಿಸುತ್ತಾರೆ, ಅಕ್ಕಾ ಪೇಟೆ ಬಂತು, ಪುಸ್ತಕ ಮುಚ್ಚಿ ಅಂತ.

ಅತ್ತೆಗೆ ಓದಿ ಹೇಳಲು ಶುರುವಾದದ್ದು ಪ್ರೀತಿಯಿಂದ ಎಂದು ಬರೆಯಬೇಕೆಂದು ನನಗೂ ಆಸೆ. ನಿಜ ಏನೆಂದರೆ ಅದು ಶಿಕ್ಷೆಯಾಗಿ ಶುರುವಾಯಿತು. ಕಪ್ಪು ಹಸು ಮಾಸು ತಿಂದ ವಾರದಲ್ಲೇ ಅತ್ತೆ ತೀರ್ಪು ಕೊಟ್ಟರು. ಸಂಜೆ ಅವರು ಹಾಲು ಕರೆಯುವಾಗ ನಾನು ಕೊಟ್ಟಿಗೆಯಲ್ಲೇ ಕೂರಬೇಕು. ಓದಲೇಬೇಕು ಅಂದರೆ ಓದಲಿ, ಆದರೆ ಗಟ್ಟಿಯಾಗಿ. ಸದ್ದು ನಿಂತರೆ ನಾನು ಪುಸ್ತಕದೊಳಗೆ ಬಿದ್ದೆ ಎಂದು ಅವರಿಗೆ ತಿಳಿಯಬೇಕು. ಹೀಗೆ ಒಂಬತ್ತು ವರ್ಷದಿಂದ ಹಾಲಿನ ಧಾರೆಯ ಸದ್ದಿನ ಜೊತೆಗೆ ಓದುತ್ತಾ ಬಂದಿದ್ದೇನೆ. ಒಂದು ಹೊತ್ತಿಗೆ ಒಂದು ಅಧ್ಯಾಯ. ಪುಸ್ತಕದ ಭಾಷೆ ಭಾರವಾದ ಕಡೆ ನಮ್ಮ ಮಾತಿಗೆ ಇಳಿಸುತ್ತೇನೆ. ವರ್ಣನೆ ಜಾಸ್ತಿಯಾದರೆ ಅತ್ತೆ ಹಸುವಿನ ಪಕ್ಕೆಗೆ ಹಣೆ ಊರಿಕೊಂಡೇ, ಬೆಟ್ಟ ಗುಡ್ಡ ಸಾಕು, ಆ ಎಂಗ್ಸು ಏನಂದ್ಳು ಅದೇಳು ಅನ್ನುತ್ತಾರೆ. ಬರೆದವರು ಯಾರಾದರೂ ಆ ಮಾತು ಕೇಳಿಸಿಕೊಂಡಿದ್ದರೆ ಅರ್ಧ ಪುಸ್ತಕ ಉಳಿಯುತ್ತಿತ್ತು.

ಈ ಸಲದ ಪುಸ್ತಕದಲ್ಲಿ ಒಬ್ಬ ಬಟ್ಟೆ ಅಂಗಡಿಯವನು. ಓದು ಬರಹ ಬರದು. ಓದಿದ ಹುಡುಗಿಯನ್ನು ಮದುವೆಯಾಗಿ, ಬರುವುದಿಲ್ಲ ಎಂದು ಹೇಳಲು ನಾಚಿಕೊಂಡು, ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಅವಳೆದುರು ಪೇಪರು ಬಿಡಿಸಿ ಓದಿದಂತೆ ನಟಿಸುತ್ತಾನೆ. ಕೊನೆಯ ಅಧ್ಯಾಯಕ್ಕೆ ಮುಂಚೆ ಆ ಹೆಂಡತಿ ಅವನ ಕೈಗೆ ಒಂದು ಮಡಚಿದ ಕಾಗದ ಕೊಟ್ಟು, ಇದನ್ನು ಓದಿ, ಆಮೇಲೆ ಮಾತಾಡೋಣ ಎಂದು ತವರಿಗೆ ಹೊರಡುತ್ತಾಳೆ. ಅಲ್ಲಿಗೆ ನಿಂತಿತ್ತು. ಆ ಸಂಜೆ ಅತ್ತೆ ಕರೆಯುವುದು ಮುಗಿದರೂ ಎದ್ದಿರಲಿಲ್ಲ.

"ಅವ್ಳಿಗ್ ಮೊದ್ಲಿಂದ್ಲೂ ಗೊತ್ತು ಕಣಮ್ಮಾ. ಗಂಡನ್ ಕಣ್ಣು ಪೇಪರ್ ಮ್ಯಾಲೆ ಎಂಗ್ ಓಡಾಡ್ತದೆ ಅಂತ ಎಂಡ್ತಿಗ್ ಗೊತ್ತಾಗಲ್ವಾ?"

ಹಾಗಾದರೆ ಕಾಗದದಲ್ಲಿ ಏನು ಬರೆದಿರುತ್ತಾಳೆ ಎಂದು ಕೇಳಿದೆ. ಅತ್ತೆ ಹಾಲಿನ ನೊರೆಯನ್ನು ಬೆರಳಿನಿಂದ ಸರಿಸುತ್ತಾ ಯೋಚಿಸಿದರು.

"ಏನೂ ಬರ್ದಿರಲ್ಲ. ಖಾಲಿ ಕೊಟ್ಟಿರ್ತಾಳೆ. ನೋಡ್ಕಂಡಿರು."

ಮಾರನೇ ದಿನ ಅತ್ತೆಯ ತಮ್ಮನ ಮನೆಯ ಗೃಹಪ್ರವೇಶ, ಕಾಮಸಮುದ್ರದಲ್ಲಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಾದವರು ಅಕ್ಕ. ಆಕೆ ಹೋಗದೆ ಒಲೆ ಹಚ್ಚುವಂತಿಲ್ಲ. ಕಡಸಿಗೋ ದಿನ ತುಂಬಿತ್ತು. ಕೆಚ್ಚಲು ಇಳಿದಿತ್ತು, ಬಾಲದ ಬುಡ ಸಡಿಲವಾಗಿತ್ತು. ಅದು ಅತ್ತೆಯ ಕಡಸು. ಕಪ್ಪು ಹಸುವಿನದೇ ಕೊನೆಯ ಕರು, ತಾಯಿ ಸತ್ತ ಮೇಲೆ ಅತ್ತೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅದರ ಚೊಚ್ಚಲು ಸೂಲನ್ನು ತಾನೇ ನಿಂತು ನೋಡಬೇಕೆಂದು ತಿಂಗಳುಗಳಿಂದ ಎಣಿಸುತ್ತಿದ್ದರು. ಈಗ ಅದನ್ನು ಬಿಟ್ಟು ಹೋಗಬೇಕು, ಅದೂ ಯಾರ ಕೈಯಲ್ಲಿ? ಆ ರಾತ್ರಿ ಅತ್ತೆ ಮೂರು ಸಲ ಎದ್ದು ಕೊಟ್ಟಿಗೆಗೆ ಹೋದರು. ನಾಲ್ಕನೇ ಸಲ ಹೋಗಲಿಲ್ಲ. ನಾನು ಹೋಗಿದ್ದೆ.

ಬೆಳಗ್ಗೆ ನಮ್ಮನೆಯವರು ಬೈಕು ತೆಗೆದರು. ಅತ್ತೆ ರೇಷ್ಮೆ ಸೀರೆಯಲ್ಲೇ ಕೊಟ್ಟಿಗೆಗೆ ಬಂದು, ಹಗ್ಗ ಹೇಗೆ ಕಟ್ಟಬೇಕು, ಬಿಸಿನೀರು ಎಲ್ಲಿ, ಬೆಲ್ಲ ಎಲ್ಲಿ, ಗೋಣಿಚೀಲ ಎಲ್ಲಿ, ಎಲ್ಲಾ ತೋರಿಸಿದರು. ಎಲ್ಲವೂ ಇಪ್ಪತ್ತೈದು ವರ್ಷದಿಂದ ನಾನೇ ಎತ್ತಿಡುವ ಜಾಗದಲ್ಲೇ ಇತ್ತು. ಪುಸ್ತಕದ ಮಾತು ಬರುತ್ತದೆ ಎಂದು ಕಾದೆ. ಬೈಕು ಹತ್ತಿದ ಮೇಲೆ ಬಂತು.

"ಪುಸ್ತ್ಕ ಮುಟ್ಬೇಡ ಅಂತ ನಾನೇಳಲ್ಲ. ಮುಟ್ತೀಯ, ನಂಗೊತ್ತು. ಕೊನೇದು ಮಾತ್ರ ಓದ್ಬೇಡ. ನಾನ್ ಬಂದ್ಮೇಲೆ."

ನಮ್ಮನೆಯವರು ಹೆಲ್ಮೆಟ್ಟಿನೊಳಗೆ ನಕ್ಕರು. ಬೈಕು ಹೋಯಿತು. ಹಾಗೆ ನನ್ನ ಮೇಲೆ ಎರಡು ಹೊಣೆ ಬಿದ್ದವು. ಮಾಸನ್ನು ಹಸು ತಿನ್ನದಂತೆ ನೋಡುವುದು, ಕೊನೆಯ ಅಧ್ಯಾಯವನ್ನು ನಾನು ತಿನ್ನದಂತೆ ನೋಡುವುದು.

ಅಂಗಡಿಗೆ ರಜೆ ಹೇಳಿ ಕೊಟ್ಟಿಗೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಪುಸ್ತಕ ತರುವುದೇ ಬೇಡ ಅಂದುಕೊಂಡಿದ್ದೆ. ಆದರೆ ಒಳಗೆ ಇಟ್ಟರೆ ಇಲಿ ಕಡಿಯಬಹುದು ಅನ್ನಿಸಿತು. ಇಷ್ಟು ವರ್ಷ ಕಡಿಯದ ಇಲಿ. ತಂದು ಮಡಿಲಲ್ಲಿಟ್ಟುಕೊಂಡೆ. ಫೋನಿನಲ್ಲಿ ಐದೈದು ನಿಮಿಷಕ್ಕೆ ಅಲಾರಂ ಇಟ್ಟೆ, ಹೊಡೆದಾಗ ಕಡಸಿನ ಹಿಂಭಾಗ ನೋಡಬೇಕು, ಬಂದ್ ಮಾಡಿ ಮತ್ತೆ ಓದಬೇಕು. ಆಗಲೇ ಓದಿದ್ದ ಹಳೆಯ ಅಧ್ಯಾಯಗಳನ್ನು ಮತ್ತೆ ಓದಿದರೆ ಯಾರಿಗೂ ಮೋಸವಿಲ್ಲವಲ್ಲ. ಆದರೆ ಚಿಂತೆಯೂ ಓದೂ ಒಂದೇ ತಲೆಯಲ್ಲಿ ಕೂರುವುದಿಲ್ಲ. ಬಟ್ಟೆ ಅಂಗಡಿಯವನು ಪೇಪರು ತಲೆಕೆಳಗಾಗಿ ಹಿಡಿದ ಜಾಗವನ್ನು ನಾಲ್ಕು ಸಲ ಓದಿದೆ, ನಾಲ್ಕು ಸಲವೂ ನನಗೆ ಕಂಡದ್ದು ತಲೆಕೆಳಗಾಗಿ ಬರುವ ಕರು. ಅಲಾರಂ ಹೊಡೆದಾಗಲೆಲ್ಲಾ ಕಡಸು ಬೆದರಿ ನನ್ನ ಕಡೆ ತಿರುಗುತ್ತಿತ್ತು. ಕೊನೆಗೆ ಅದಕ್ಕೆ ತೊಂದರೆಯಾಗುತ್ತಿರುವುದು ನನ್ನಿಂದಲೇ ಎಂದು ಗೊತ್ತಾಗಿ ಅಲಾರಂ ಆರಿಸಿದೆ.

ಪಕ್ಕದ ಮನೆಯ ಚಿಕ್ಕಮ್ಮ ಕಾಂಪೌಂಡಿನ ಮೇಲೆ ಎರಡು ಸಲ ಇಣುಕಿದರು. ನಮ್ಮ ಅತ್ತೆಗೆ ವಾವೆಯಲ್ಲಿ ತಂಗಿ, ಊರಿನ ಸುದ್ದಿಗೆಲ್ಲಾ ವಾರಸುದಾರರು. ಅತ್ತೆಯೇ ನೋಡಿಕೊಳ್ಳಲು ಹೇಳಿ ಹೋಗಿದ್ದರೆಂದು ಆಮೇಲೆ ತಿಳಿಯಿತು, ಕಡಸನ್ನಲ್ಲ, ನನ್ನನ್ನು.

"ಏನಮ್ಮಣ್ಣಿ, ಕರು ಯಾವ್ ಪುಟದಾಗೆ ಬತ್ತದಂತೆ?"

ಉತ್ತರ ಕೊಡುವಷ್ಟರಲ್ಲಿ ಕಡಸು ಮಲಗಿ ಎದ್ದು ಮಲಗಲು ಶುರು ಮಾಡಿತು. ಹತ್ತು ಗಂಟೆ ಹೊತ್ತಿಗೆ ನೀರಿನ ಚೀಲ ಕಾಣಿಸಿತು. ನಾನು ಪುಸ್ತಕ ಮುಚ್ಚಿ ಸೀರೆಯ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ನಡೆದದ್ದನ್ನು ಉದ್ದವಾಗಿ ಬರೆಯಬೇಕೆಂದರೂ ಆಗದು, ಯಾಕೆಂದರೆ ಎಲ್ಲಾ ಸರಿಯಾಗಿಯೇ ನಡೆಯಿತು. ಎರಡು ಬಿಳಿ ಗೊರಸು ಬಂದವು. ಅವುಗಳ ಮೇಲೆ ಇಟ್ಟ ಹಾಗೆ ಮೂತಿ ಬಂತು. ನಾನು ಡಾಕ್ಟರ ನಂಬರನ್ನು ತೆರೆದಿಟ್ಟ ಫೋನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಡಸಿನ ಬೆನ್ನು ಸವರುತ್ತಾ, ಏನೂ ಆಗಲ್ಲ ಏನೂ ಆಗಲ್ಲ ಎಂದು ಹೇಳುತ್ತಿದ್ದೆ. ಕಡಸಿಗೆ ಆ ಮಾತು ಬೇಕಿರಲಿಲ್ಲ. ಅದು ಒಂದು ಸಲ ಜೋರಾಗಿ ತಿಣುಕಿ, ಹತ್ತೂ ಮುಕ್ಕಾಲಿಗೆ ಹೆಣ್ಣು ಕರು ಹಾಕಿತು. ಕರು ತಾನೇ ಸೀನಿತು. ನಾನು ಮೂಗಿಗೆ ಹಾಕಲೆಂದು ಹಿಡಿದಿದ್ದ ಹುಲ್ಲುಕಡ್ಡಿ ಕೈಯಲ್ಲೇ ಉಳಿಯಿತು. ತಲೆ ಸುತ್ತಲಿಲ್ಲ. ಸ್ವಲ್ಪ ಅಳು ಬಂತು, ಆದರೆ ಅದು ಪಟ್ಟಿಯಲ್ಲಿರಲಿಲ್ಲ.

ಕರುವನ್ನು ಎಳೆದು ತಾಯಿಯ ಮುಂದೆ ಹಾಕಿದೆ, ನೆಕ್ಕಿಕೊಳ್ಳಲಿ ಎಂದು. ಬೆಲ್ಲ ಕಲಸಿದ ಬಿಸಿನೀರು ಕುಡಿಸಿದೆ. ನಮ್ಮನೆಯವರಿಗೆ ಫೋನು ಮಾಡಿದೆ. ಅಲ್ಲಿ ಪೂಜೆಯ ಗದ್ದಲ. ಅತ್ತೆಗೆ ಕೊಡಿ ಎಂದರೆ, ಅತ್ತೆ ಕರು ಹೆಣ್ಣೋ ಗಂಡೋ ಎಂದು ಕೂಡ ಕೇಳಲಿಲ್ಲ. "ಮಾಸು?" ಎಂದರು. ಇನ್ನೂ ಇಲ್ಲ ಎಂದೆ. "ಊಂ" ಎಂದು ಫೋನು ಇಟ್ಟರು.

ಇನ್ನು ನಿಜವಾದ ಕಾವಲು. ಕರು ನಿಂತು, ಬಿದ್ದು, ನಿಂತು, ಕೆಚ್ಚಲು ಹುಡುಕಿಕೊಂಡಿತು. ಅದನ್ನು ಪಕ್ಕಕ್ಕೆ ಕಟ್ಟಿ, ತಾಯಿಯ ಹಗ್ಗವನ್ನು ಗೋದಲಿಯ ಗೂಟಕ್ಕೆ ಗಿಡ್ಡವಾಗಿ ಬಿಗಿದೆ. ಗೋದಲಿ ಅಂದರೆ ಹಸುವಿನ ಮುಂದೆ ಹುಲ್ಲು ಹಾಕುವ ತೊಟ್ಟಿ, ನಮ್ಮಲ್ಲಿ ಸೊಂಟದೆತ್ತರದ ಗೋಡೆ ಇದೆ. ಹಗ್ಗ ಎಷ್ಟು ಗಿಡ್ಡ ಎಂದರೆ ಕತ್ತು ಗೋದಲಿಯ ಮೇಲೆಯೇ ಇರಬೇಕು, ಹಿಂದಕ್ಕೆ ತಿರುಗಲು ಒಂದು ಗೇಣು ಕೂಡ ಉಳಿಯಬಾರದು. ನಾನು ತಲೆ ತಿರುಗಿಸಿದರೂ, ತೂಕಡಿಸಿದರೂ, ಸತ್ತೇ ಹೋದರೂ ಇದು ಮಾಸಿಗೆ ಬಾಯಿ ಹಾಕುವಂತಿಲ್ಲ. ಒಂಬತ್ತು ವರ್ಷದ ಹಿಂದೆ ಈ ಬುದ್ಧಿ ಬಂದಿರಲಿಲ್ಲ. ಗಂಟನ್ನು ಎರಡೆರಡು ಸಲ ಎಳೆದು ನೋಡಿ ನನ್ನನ್ನು ನಾನೇ ಮೆಚ್ಚಿಕೊಂಡೆ.

ಹನ್ನೊಂದು. ಹನ್ನೆರಡು. ಒಂದು. ಹಿಂದೆ ಜೋತುಬಿದ್ದದ್ದು ಜೋತುಬಿದ್ದೇ ಇತ್ತು. ಬಿಸಿಲಿಗೆ ಚಾವಣಿಯ ಶೀಟು ಕಾಯತೊಡಗಿತು. ಊಟಕ್ಕೆ ಏಳಲಿಲ್ಲ, ಚಿಕ್ಕಮ್ಮ ಕಾಂಪೌಂಡಿನ ಮೇಲಿಂದ ಒಂದು ತಟ್ಟೆ ಚಿತ್ರಾನ್ನ ದಾಟಿಸಿದರು, ನಾನು ಪುಸ್ತಕ ಕೆಳಗಿಟ್ಟು ಈಸಿಕೊಳ್ಳುವುದನ್ನು ಗಮನವಿಟ್ಟು ನೋಡಿದರು. ಹಳೆಯ ಅಧ್ಯಾಯಗಳೆಲ್ಲಾ ಮತ್ತೊಂದು ಸಲ ಮುಗಿದಿದ್ದವು. ಕೊನೆಯದಕ್ಕೆ ಎಷ್ಟು ಹಾಳೆ ಎಂದು ಎಣಿಸಿದೆ. ಎಂಟು. ಎಣಿಸುವುದು ಓದಿದಂತೆ ಅಲ್ಲ. ಎಣಿಸುವಾಗ ಮೊದಲ ಸಾಲು ಕಣ್ಣಿಗೆ ಬಿತ್ತು, ಅದಕ್ಕೆ ನಾನೇನು ಮಾಡಲಿ. ಅವನು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದ ಎಂದಿತ್ತು. ಅಲ್ಲಿಗೆ ನಿಲ್ಲಿಸಿದೆ. ನನ್ನ ಇಡೀ ಜೀವನದಲ್ಲಿ ಪುಸ್ತಕದೆದುರು ನಾನು ತೋರಿಸಿದ ದೊಡ್ಡ ಸಂಯಮ ಅದು. ನೋಡಲು ಯಾರೂ ಇರಲಿಲ್ಲ, ಚಿಕ್ಕಮ್ಮನೂ ಆ ಹೊತ್ತಿಗೆ ಮಲಗಿದ್ದರು. ಎರಡನೇ ಸಾಲಿನ ಮೇಲೆ ಹೆಬ್ಬೆರಳು ಒತ್ತಿಕೊಂಡು ಕೂತೆ. ಅತ್ತೆ ಅಕ್ಷರ ಬರದೆ ಎಪ್ಪತ್ತು ವರ್ಷ ಕತೆಗಳ ಕೊನೆಗಾಗಿ ಇನ್ನೊಬ್ಬರ ಬಾಯಿ ಕಾದವರು, ನಾನು ಎರಡು ಗಂಟೆ ಕಾಯಲಾರೆನೇ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಹೆಬ್ಬೆರಳು ಮಾತ್ರ ಸ್ವಲ್ಪ ಸ್ವಲ್ಪ ಜಾರುತ್ತಿತ್ತು.

ಎರಡೂವರೆಗೆ ತೊಪ್ಪೆಂದು ಬಿತ್ತು.

ನಾನು ಎದ್ದ ವೇಗಕ್ಕೆ ಸ್ಟೂಲು ಉರುಳಿತು. ತೆರೆದಿದ್ದ ಪುಸ್ತಕವನ್ನು ಗೋದಲಿಯ ಗೋಡೆಯ ಮೇಲೆ ಹಾಗೇ ಬೋರಲು ಹಾಕಿದೆ, ಜಾಗ ತಪ್ಪಬಾರದಲ್ಲ. ಹಸು ತಿರುಗಲು ನೋಡಿತು, ಹಗ್ಗ ಬಿಡಲಿಲ್ಲ. ಎರಡೂ ಕೈಯಲ್ಲಿ ಮಾಸು ಬಾಚಿಕೊಂಡೆ, ಹುಲ್ಲಿನಲ್ಲಿ ಸುತ್ತಿದೆ, ಗೋಣಿಯಲ್ಲಿ ತುಂಬಿ ಮೂರು ಗಂಟು ಹಾಕಿದೆ. ಒಂದು ಚೂರೂ ನೆಲಕ್ಕೆ ಬಿಡಲಿಲ್ಲ. ಕೈ ತೊಳೆದು ಡೈರಿಯ ಮುಂದಿನ ಆಲದ ಮರಕ್ಕೆ ಹೊರಟೆ. ದಾರಿಯಲ್ಲಿ ಯಾರ ಜೊತೆಯೂ ಮಾತಾಡಬಾರದು ಅನ್ನುವುದು ಅತ್ತೆಯ ನಿಯಮ, ಊರಿನದೋ ಅವರದೇ ಸ್ವಂತದ್ದೋ ಗೊತ್ತಿಲ್ಲ. ಮೂರು ಜನ ಏನು ಕರು ಎಂದು ಕೇಳಿದರು, ಮೂವರಿಗೂ ಉತ್ತರ ಕೊಡದೆ ಗಂಭೀರವಾಗಿ ನಡೆದೆ. ನನಗೆ ಸೊಕ್ಕು ಬಂದಿದೆ ಎಂದು ಅವರು ಅಂದುಕೊಂಡಿರಬೇಕು. ಬಂದದ್ದೂ ನಿಜ. ಕೈಗೆಟುಕುವ ಕೊಂಬೆ ಬಿಟ್ಟು, ಕಟ್ಟೆ ಹತ್ತಿ, ಅದಕ್ಕಿಂತ ಮೇಲಿನ ಕೊಂಬೆಗೆ ಕಟ್ಟಿದೆ. ನಾಯಿ ಹಾರಿದರೂ ಸಿಗದು, ಮಂಗ ಬಂದರೂ ಬಿಚ್ಚದು. ಕೆಳಗಿಳಿದು ನಿಂತು ನೋಡಿದೆ. ಒಂಬತ್ತು ವರ್ಷದ ಅಪವಾದ ಅಲ್ಲಿ ನೇತಾಡುತ್ತಿತ್ತು.

ವಾಪಸು ಬರುವಾಗ ಮನೆ ಮುಂದೆ ಬೈಕು ನಿಂತಿತ್ತು. ಅತ್ತೆ ಊಟ ಮುಗಿಸಿದವರೇ ತಾಂಬೂಲಕ್ಕೂ ನಿಲ್ಲದೆ ಬಂದಿದ್ದರು. ಅಂಗಳದಲ್ಲೇ ನನ್ನ ಕೈ ನೋಡಿದರು, ಗೋಣಿ ಇಲ್ಲ. ಮುಖ ನೋಡಿದರು.

"ಮರದಾಗೈತಾ?"

"ಮೇಲಿನ ಕೊಂಬೆಗೆ ಅತ್ತೆ."

"ಎಲ್ಲಾನೂ?"

"ಎಲ್ಲಾನೂ."

ಅತ್ತೆ ಸೀರೆ ಕೂಡ ಬದಲಾಯಿಸದೆ, ನೆರಿಗೆ ಎತ್ತಿ ಕಟ್ಟಿ, ಕೊಟ್ಟಿಗೆಗೆ ಹೋಗಿ ಕರುವಿನ ಬಾಯಿಯೊಳಗೆ ಬೆರಳಿಟ್ಟು ನೋಡಿದರು, ಹೊಕ್ಕುಳು ನೋಡಿದರು, ಬಾಲ ಎತ್ತಿ ನೋಡಿದರು. ನೆಲ ನೋಡಿದರು. ತಪ್ಪು ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ, ಅದರಿಂದ ಅವರಿಗೇ ಸ್ವಲ್ಪ ಕಷ್ಟವಾಗುತ್ತಿದೆ ಎಂದು ನನಗೆ ಕ್ರೂರವಾದ ಒಂದು ಖುಷಿ. ಕೊನೆಗೆ ಹಸುವಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಚೊಂಬು ತೊಡೆಯ ನಡುವೆ ಇಟ್ಟುಕೊಂಡು, ಗಿಣ್ಣು ಹಾಲಿನ ಮೊದಲ ಧಾರೆ ಎಳೆದರು. ಹಳದಿ, ಮಂದ. ಹಣೆಯನ್ನು ಹಸುವಿನ ಪಕ್ಕೆಗೆ ಊರಿ, ನನ್ನ ಕಡೆ ತಿರುಗದೆ ಹೇಳಿದರು.

"ಈಗೇಳು, ಆ ಕಾಗ್ದದಾಗೆ ಏನ್ ಬರ್ದಿದ್ಳು. ಓದಿಲ್ಲ ತಾನೆ ನೀನು?"

"ನಿಮ್ಮಾಣೆ ಓದಿಲ್ಲ," ಎಂದೆ. ಮೊದಲ ಸಾಲಿನ ಮಾತು ಎತ್ತಲಿಲ್ಲ.

ಹೋಗಿ ಗೋದಲಿಯ ಗೋಡೆಯ ಮೇಲೆ ಕೈ ಇಟ್ಟೆ. ಪುಸ್ತಕ ಇರಲಿಲ್ಲ. ಗೋದಲಿಯೊಳಗೆ ಬಿದ್ದಿತ್ತು, ದಪ್ಪ ಭಾಗ ಹಾಗೇ ಇತ್ತು, ಮೊದಲ ರಟ್ಟೂ ಇತ್ತು, ಹಿಂದಿನ ರಟ್ಟು ಒಂದು ಮೂಲೆ ಒದ್ದೆಯಾಗಿ ಜೋತಾಡುತ್ತಿತ್ತು. ಆ ದಪ್ಪ ಭಾಗಕ್ಕೂ ಹಿಂದಿನ ರಟ್ಟಿಗೂ ನಡುವೆ ಹೊಲಿಗೆಯ ದಾರ ಮಾತ್ರ. ಮಾಸು ಸಿಗದ ಹಸು, ನಾನೇ ಗಿಡ್ಡ ಮಾಡಿ ಕಟ್ಟಿದ ಹಗ್ಗದಲ್ಲಿ ಬೇರೆಲ್ಲೂ ಬಾಯಿ ಚಾಚಲಾಗದೆ, ಮುಂದೆ ಸಿಕ್ಕಿದ್ದನ್ನು ತಿಂದಿತ್ತು. ಇನ್ನೂ ತಿನ್ನುತ್ತಿತ್ತು. ಕಣ್ಣು ಅರ್ಧ ಮುಚ್ಚಿ, ದವಡೆಯನ್ನು ಆ ಕಡೆಗೂ ಈ ಕಡೆಗೂ ನಿಧಾನವಾಗಿ ಆಡಿಸುತ್ತಾ.

ಹಾಲಿನ ಸದ್ದು ನಿಂತಿತು. ಅತ್ತೆ ಕೂತಲ್ಲಿಂದಲೇ ಹಸುವಿನ ಹೊಟ್ಟೆಯ ಕೆಳಗೆ ಬಗ್ಗಿ ನನ್ನನ್ನು ನೋಡಿದರು.

"ಎಷ್ಟ್ ಆಳೆ?"

"ಎಂಟು."

ಹಸುವಿನ ಬಾಯಂಚಿಗೆ ಒಂದು ಚೂರು ಅಂಟಿಕೊಂಡಿತ್ತು. ಬೆರಳು ಹಾಕಿ ಎಳೆದೆ, ಬಂತು. ಹಾಳೆಯ ಅಂಚಿನ ಭಾಗ, ಎರಡು ಬೆರಳಗಲ, ಜೊಲ್ಲಿನಲ್ಲಿ ನೆನೆದದ್ದು. ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದೆ. ಒಂದು ಅಕ್ಷರವೂ ಇರಲಿಲ್ಲ. ಅತ್ತೆ ಎದ್ದು ಬಂದು, ಚೊಂಬು ಸೊಂಟಕ್ಕಿಟ್ಟುಕೊಂಡು, ನನ್ನ ಕೈಯಿಂದ ಅದನ್ನು ಈಸಿಕೊಂಡು ಅವರೂ ಬೆಳಕಿಗೆ ಹಿಡಿದರು.

"ನಾನೇಳ್ಲಿಲ್ವೇನಮ್ಮಾ," ಎಂದರು, "ಖಾಲಿ ಅಂತ."